ಸಬ್ಜೆಕ್ಟ್ ಗೈಡ್‌ಗೆ ಯಾವ ಸಾಫ್ಟ್‌ವೇರ್? ಮಲೆನಾಡಿನ ಕಾಲೇಜು ಲೈಬ್ರರಿಗಳಿಗೆ ಹೊಂದುವ ಉತ್ತರ

(ಶಿವಮೊಗ್ಗದಲ್ಲಿ ಕಾಲೇಜು ಲೈಬ್ರರಿಯನ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

‘ಆನ್‌ಲೈನ್ ಸಬ್ಜೆಕ್ಟ್ ಗೈಡ್ ಮಾಡಲು ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು?’ ಇದು ನನಗೆ ಕೊಟ್ಟ ವಿಷಯ. ಸಬ್ಜೆಕ್ಟ್ ಗೈಡ್ ಅಂದರೆ ಒಂದು ವಿಷಯದ ಬಗ್ಗೆ ಏನನ್ನು ಎಲ್ಲಿ, ಹೇಗೆ ಹುಡುಕಬೇಕು ಎಂದು ಲೈಬ್ರರಿಯವರು ವಿದ್ಯಾರ್ಥಿಗಳಿಗೆ ಬರೆದಿಡುವ ಪುಟ. ನಾಲ್ಕು ಹೆಸರು ಹೇಳಿ ಮುಗಿಸಬಹುದು. ಆದರೆ ಹೆಸರಿಗೆ ಹೋಗುವ ಮೊದಲು ಒಂದು ಗೈಡನ್ನು ಎಲ್ಲರೂ ಸೇರಿ ಕಾಗದದ ಮೇಲೆ ಕಟ್ಟಿ ನೋಡೋಣ. ಸಾಫ್ಟ್‌ವೇರ್‌ನಲ್ಲಿ ಏನಿರಬೇಕು, ಏನಿಲ್ಲದಿದ್ದರೂ ನಡೆಯುತ್ತದೆ ಅನ್ನೋದು ಆಗ ತಾನಾಗಿಯೇ ಗೊತ್ತಾಗುತ್ತದೆ.

ವಿಷಯ ಮಂಗನ ಕಾಯಿಲೆ ಎಂದಿಟ್ಟುಕೊಳ್ಳಿ. ನಮ್ಮದೇ ಜಿಲ್ಲೆಯ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬೀಳತೊಡಗಿದವು. ಊರಿನವರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿ, ಇದು ಹೊಸ ವೈರಸ್, ಉಣುಗಿನಿಂದ ಹರಡುತ್ತದೆ ಎಂದು ಕಂಡುಹಿಡಿದರು. ಆ ಕಾಡಿನ ಹೆಸರೇ ಕಾಯಿಲೆಗೂ ಬಂತು. ಈಗ ಬಿ.ಎಸ್‌ಸಿ. ಓದುವ ಹುಡುಗಿಯೊಬ್ಬಳು ನಿಮ್ಮ ಕೌಂಟರಿಗೆ ಬರುತ್ತಾಳೆ. ‘ಮೇಡಂ, ಮಂಗನ ಕಾಯಿಲೆ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಬುಕ್ ಇದ್ಯಾ?’ ಅನ್ನುತ್ತಾಳೆ.

ಪುಸ್ತಕ ಇರಬಹುದು, ಇಲ್ಲದೆಯೂ ಇರಬಹುದು. ಅವಳಿಗೆ ನಿಜವಾಗಿ ಬೇಕಾಗಿರುವುದು ದಾರಿ. ಕನ್ನಡದಲ್ಲಿ ‘ಮಂಗನ ಕಾಯಿಲೆ’ ಎಂದು ಹುಡುಕಿದರೆ ಪತ್ರಿಕೆಯ ಸುದ್ದಿಗಳು ಸಿಗುತ್ತವೆ. ಈ ವರ್ಷ ಎಲ್ಲೆಲ್ಲಿ ಕಾಣಿಸಿಕೊಂಡಿದೆ ಅನ್ನೋದಕ್ಕೆ ಅದು ಸಾಕು. ಸಂಶೋಧನಾ ಲೇಖನ ಬೇಕಾದರೆ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ಗೆ ಹೋಗಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂದು ಇಂಗ್ಲಿಷಿನಲ್ಲೇ ಹಾಕಬೇಕು. ಪಬ್‌ಮೆಡ್ ಉಚಿತ, ಲಾಗಿನ್ ಬೇಡ. ಹಳೆಯ ಲೇಖನಗಳಲ್ಲಿ ‘ಕರ್ನಾಟಕ’ ಎಂದು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ‘ಮೈಸೂರು ಸ್ಟೇಟ್’. ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ. ನಮ್ಮ ಜಿಲ್ಲೆಯೂ ಇಂಗ್ಲಿಷಿನಲ್ಲಿ 2014ರವರೆಗೆ ‘ಶಿಮೊಗ’ ಎಂದೇ ಇತ್ತು. ಹಾಗಾಗಿ ಎರಡೂ ಹೆಸರು ಹಾಕಿ ನೋಡು ಎಂದು ಯಾರಾದರೂ ಅವಳಿಗೆ ಹೇಳಬೇಕು. ಹೇಳುವವರು ಯಾರು? ನಾವೇ ಅಲ್ವಾ?

ಈ ಮಾತೇ ಗೈಡಿನ ಜೀವ. ಇದನ್ನು ಯಾವ ಸಾಫ್ಟ್‌ವೇರೂ ಬರೆದುಕೊಡುವುದಿಲ್ಲ. ಹತ್ತು ವರ್ಷದಿಂದ ಕೌಂಟರಿನಲ್ಲಿ ಕೂತ ನಿಮ್ಮ ತಲೆಯಲ್ಲಿ ಅದಿದೆ. ನೀವು ವರ್ಗವಾಗಿ ಹೋದ ದಿನ ಅದೂ ನಿಮ್ಮ ಜೊತೆ ಹೊರಟುಹೋಗುತ್ತದೆ. ಅದಕ್ಕೇ ಬರೆದಿಡಿ ಅನ್ನುವುದು.

ಇದು ಹೊಸ ಯೋಚನೆಯೇನಲ್ಲ. 1970ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ಲೈಬ್ರರಿಯವರು ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ ಅಚ್ಚು ಹಾಕಿಸಿ ‘ಪಾತ್‌ಫೈಂಡರ್’ ಎಂದು ಇಡುತ್ತಿದ್ದರು. ಎಲ್ಲಿಂದ ಶುರು ಮಾಡಬೇಕು, ಯಾವ ಪದ ಹಾಕಿ ಹುಡುಕಬೇಕು, ಯಾವ ರ‍್ಯಾಕ್‌ನಲ್ಲಿ ನೋಡಬೇಕು ಎಂದು ಅದರಲ್ಲಿ ಇರುತ್ತಿತ್ತು. ವೆಬ್ ಬಂದ ಮೇಲೆ ಅದೇ ಹಾಳೆ ಪುಟವಾಯಿತು. ಜೊತೆಗೆ ಒಂದು ತೊಂದರೆಯೂ ಬಂತು. ಹಾಳೆಯಲ್ಲಿ ಬರೆದ ರ‍್ಯಾಕ್ ನಂಬರ್ ವರ್ಷಗಟ್ಟಲೆ ಹಾಗೇ ಇರುತ್ತದೆ. ವೆಬ್ ವಿಳಾಸ ಹಾಗಲ್ಲ. ಇವತ್ತು ತೆರೆಯುತ್ತದೆ, ಮುಂದಿನ ಜೂನ್‌ಗೆ ತೆರೆಯುವುದಿಲ್ಲ.

ಈ ಲಿಂಕ್ ಸಾಯುವ ವಿಚಾರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಾಫ್ಟ್‌ವೇರ್ ಆಯ್ಕೆ ನಿಂತಿರುವುದೇ ಅದರ ಮೇಲೆ ಎಂದು ನಾನು ತಿಳಿದಿದ್ದೇನೆ. ನಿಮ್ಮಲ್ಲಿ ಎಂಟು ಗೈಡ್‌ಗಳಿವೆ ಎಂದುಕೊಳ್ಳಿ. ಕನ್ನಡ, ಇತಿಹಾಸ, ವಾಣಿಜ್ಯ, ಸಸ್ಯಶಾಸ್ತ್ರ, ಹೀಗೆ. ಎಂಟರಲ್ಲೂ ಪಿಎಚ್‌ಡಿ ಪ್ರಬಂಧಗಳ ಭಂಡಾರವಾದ ಶೋಧಗಂಗಾದ ಲಿಂಕ್ ಇದೆ, ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್ ಯೋಜನೆಯ ಲಾಗಿನ್ ಲಿಂಕ್ ಇದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಎಲ್ಲರ ಪರವಾಗಿ ಜರ್ನಲ್‌ಗಳ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಶುರುವಾದಾಗ ಸರ್ಕಾರಿ ಸಂಸ್ಥೆಗಳಲ್ಲಿ ಜರ್ನಲ್ ಓದುವ ದಾರಿಯೇ ಬದಲಾಯಿತು. ಎಂಟು ಪುಟದಲ್ಲೂ ಹೋಗಿ ಒಂದೊಂದಾಗಿ ತಿದ್ದಬೇಕೇ, ಅಥವಾ ಒಂದು ಕಡೆ ತಿದ್ದಿದರೆ ಎಂಟು ಕಡೆಯೂ ಬದಲಾಗುತ್ತದೆಯೇ? ಯಾವುದೇ ಸಾಫ್ಟ್‌ವೇರ್ ತೋರಿಸಲು ಬಂದವರಿಗೆ ಈ ಪ್ರಶ್ನೆ ಹಾಕಿ. ಬಣ್ಣ, ಬ್ಯಾನರ್, ಸ್ಲೈಡರ್ ಎಲ್ಲ ಆಮೇಲೆ ನೋಡಿದರಾಯಿತು.

ಈ ಪ್ರಶ್ನೆಗೆ ಮೊದಲು ಚೆನ್ನಾಗಿ ಉತ್ತರ ಕೊಟ್ಟಿದ್ದು ಲಿಬ್‌ಗೈಡ್ಸ್. 2007ರಲ್ಲಿ ಅಮೆರಿಕದ ಸ್ಪ್ರಿಂಗ್‌ಶೇರ್ ಕಂಪನಿ ಅದನ್ನು ತಂದಿತು. ಈಗ ಎಷ್ಟೋ ದೇಶಗಳಲ್ಲಿ ಸಬ್ಜೆಕ್ಟ್ ಗೈಡ್ ಅಂದರೆ ಲಿಬ್‌ಗೈಡ್ ಅನ್ನುವಷ್ಟು ಹಬ್ಬಿದೆ. ಅದರಲ್ಲಿ ಲಿಂಕನ್ನು ಒಂದು ಕಡೆ ದಾಖಲಿಸಿದರೆ ಎಷ್ಟು ಗೈಡಿನಲ್ಲಿ ಬೇಕಾದರೂ ಅದನ್ನೇ ಬಳಸಬಹುದು. ಸತ್ತ ಲಿಂಕ್‌ಗಳನ್ನು ಅದೇ ಹುಡುಕಿ ಪಟ್ಟಿ ಕೊಡುತ್ತದೆ. ಯಾವ ಪುಟವನ್ನು ಎಷ್ಟು ಜನ ನೋಡಿದರು ಅನ್ನೋದೂ ಸಿಗುತ್ತದೆ. ಬೇರೆ ಲೈಬ್ರರಿಯವರು ಒಪ್ಪಿದರೆ ಅವರ ಗೈಡನ್ನು ನಕಲು ಮಾಡಿಕೊಂಡು ನಮಗೆ ಬೇಕಾದಂತೆ ತಿದ್ದಬಹುದು. ಸರ್ವರ್ ನೋಡಿಕೊಳ್ಳುವ ತಲೆನೋವು ಕಂಪನಿಯದು. ಒಳ್ಳೆಯ ಸಾಧನ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದಕ್ಕೆ ಪ್ರತಿ ವರ್ಷ ಚಂದಾ ಕಟ್ಟಬೇಕು. ಪುಸ್ತಕಕ್ಕೇ ಅನುದಾನ ಸಾಲದ ಕಾಲೇಜಿನಲ್ಲಿ ಈ ಕೊಟೇಶನ್ ಇಟ್ಟುಕೊಂಡು ಪ್ರಿನ್ಸಿಪಾಲರ ಮುಂದೆ ನಿಲ್ಲುವುದು ಹೇಗೆ ಅನ್ನೋದು ನಿಮಗೆಲ್ಲ ಗೊತ್ತು. ಒಂದು ವರ್ಷ ಹಣ ಹೊಂದಿಸಿದಿರಿ, ಮರುವರ್ಷ ಆಗಲಿಲ್ಲ. ಆಗ ಬರೆದದ್ದೆಲ್ಲ ಏನಾಗುತ್ತದೆ? ವಿಶ್ವವಿದ್ಯಾಲಯದ ಮಟ್ಟದಲ್ಲಿ ಯೋಚಿಸುವವರು ಇಲ್ಲಿದ್ದೀರಿ. ನಿಮಗೆ ನನ್ನ ಮಾತು ಇಷ್ಟೇ. ತೆಗೆದುಕೊಳ್ಳುವುದಾದರೆ ಧಾರಾಳವಾಗಿ ತೆಗೆದುಕೊಳ್ಳಿ. ಬಿಟ್ಟುಹೋಗುವಾಗ ನಮ್ಮ ಬರಹವನ್ನು ಯಾವ ರೂಪದಲ್ಲಿ ವಾಪಸ್ ಕೊಡುತ್ತೀರಿ ಅನ್ನೋದನ್ನು ಮಾತ್ರ ಕೊಟೇಶನ್ ಹಂತದಲ್ಲೇ ಬರೆಸಿಕೊಳ್ಳಿ.

ವಾಪಸ್ ಪಡೆಯುವ ಮಾತು ಯಾಕೆ ಒತ್ತಿ ಹೇಳುತ್ತೇನೆ ಗೊತ್ತೇ? ವಿಕಿಸ್ಪೇಸಸ್ ಎಂದು ಒಂದಿತ್ತು. ಶಿಕ್ಷಕರು, ಲೈಬ್ರರಿಯವರು ಎಷ್ಟೋ ಜನ ಅದರಲ್ಲಿ ಪುಟಗಳನ್ನು ಕಟ್ಟಿದ್ದರು. ಬಳಸೋದು ಸುಲಭ, ಉಚಿತವೂ ಹೌದು. 2018ರಲ್ಲಿ ಅದು ಬಾಗಿಲು ಹಾಕಿತು. ನಕಲು ತೆಗೆದಿಟ್ಟುಕೊಂಡವರದು ಉಳಿಯಿತು, ಉಳಿದವರದು ಹೋಯಿತು. ಯಾರೋ ರಾತ್ರಿ ಕೂತು ಬರೆದ ಪಟ್ಟಿಗಳು ಅವು.

ದುಡ್ಡು ಕೊಡದೆ ಲಿಬ್‌ಗೈಡ್ಸ್ ತರಹದ್ದು ಬೇಕು ಅನ್ನುವವರು ಸಬ್ಜೆಕ್ಟ್ಸ್‌ಪ್ಲಸ್ ಹೆಸರು ಕೇಳಿರುತ್ತೀರಿ. ಇದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಲೈಬ್ರರಿಯವರೇ ಲೈಬ್ರರಿಗಾಗಿ ಬೆಳೆಸಿದ್ದು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಎಂಬ ಸರ್ವರ್ ಸಾಫ್ಟ್‌ವೇರ್‌ಗಳ ಮೇಲೆ ಓಡುತ್ತದೆ. ಒಂದು ಲಿಂಕನ್ನು ಒಮ್ಮೆ ದಾಖಲಿಸಿ ಹಲವು ಗೈಡಿನಲ್ಲಿ ಬಳಸುವ ವ್ಯವಸ್ಥೆ ಇದರಲ್ಲೂ ಇದೆ. ಆದರೆ ಹಾಕಿಕೊಡುವವರು, ಆಮೇಲೆ ಅಪ್‌ಡೇಟ್ ಮಾಡುವವರು ಒಬ್ಬರು ಬೇಕೇ ಬೇಕು. ಸಿಸ್ಟಮ್ ನೋಡಿಕೊಳ್ಳಲು ಆಳಿರುವ ದೊಡ್ಡ ಲೈಬ್ರರಿಗೆ ಇದು ಸರಿ. ಒಬ್ಬರೇ ಲೈಬ್ರರಿಯನ್, ಒಬ್ಬರು ಅಟೆಂಡರ್ ಇರುವ ಕಡೆ ಇದಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ. ಉಚಿತ ಸಾಫ್ಟ್‌ವೇರ್ ಅಂದರೆ ದುಡ್ಡಿನ ಬದಲು ಸಮಯ ಕೇಳುವ ಸಾಫ್ಟ್‌ವೇರ್. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಇಲ್ಲದೇ ಇರುವುದು ಅದೇ.

ಇನ್ನು ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್. ನಿಮ್ಮ ಕಾಲೇಜಿನ ವೆಬ್‌ಸೈಟೇ ವರ್ಡ್‌ಪ್ರೆಸ್‌ನಲ್ಲಿದ್ದರೆ ಬೇರೆ ಕಡೆ ಹುಡುಕುವ ಅಗತ್ಯವೇ ಇಲ್ಲ. ಲೈಬ್ರರಿಗೆ ಒಂದು ಲಾಗಿನ್ ಕೇಳಿ ಪಡೆಯಿರಿ. ಒಂದು ಭಾಗವನ್ನು ಒಮ್ಮೆ ಬರೆದು ಹಲವು ಪುಟಗಳಲ್ಲಿ ಇಡುವ ಸೌಲಭ್ಯ ಅದರಲ್ಲಿದೆ. ಮೊದಲು ರೀಯೂಸಬಲ್ ಬ್ಲಾಕ್ ಅನ್ನುತ್ತಿದ್ದರು, 2023ರಿಂದ ಸಿಂಕ್ಡ್ ಪ್ಯಾಟರ್ನ್ ಅನ್ನುತ್ತಾರೆ. ‘ಎನ್-ಲಿಸ್ಟ್‌ಗೆ ಲಾಗಿನ್ ಆಗುವುದು ಹೇಗೆ’ ಅನ್ನುವ ನಾಲ್ಕು ಸಾಲನ್ನು ಹಾಗೆ ಮಾಡಿಟ್ಟರೆ ಒಂದು ಕಡೆ ತಿದ್ದಿದ್ದು ಎಲ್ಲ ಗೈಡಿನಲ್ಲೂ ಬದಲಾಗುತ್ತದೆ. ಸತ್ತ ಲಿಂಕ್ ಹುಡುಕುವ ಪ್ಲಗಿನ್‌ಗಳು, ಅಂದರೆ ಅದಕ್ಕೆ ಜೋಡಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್‌ಗಳು, ಸಿಗುತ್ತವೆ. ಎಲ್ಲ ಬರಹವನ್ನು ಒಂದು ಫೈಲಾಗಿ ಇಳಿಸಿಕೊಳ್ಳಬಹುದು. ಅಪ್‌ಡೇಟ್ ಮಾಡದೆ ಬಿಟ್ಟ ವರ್ಡ್‌ಪ್ರೆಸ್‌ಗೆ ಹ್ಯಾಕರ್‌ಗಳು ನುಗ್ಗುತ್ತಾರೆ, ಅದೊಂದು ಭಯ ಇದೆ. ಸೈಟ್ ಮಾಡಿಕೊಟ್ಟವರ ಹತ್ತಿರ ವರ್ಷದ ನಿರ್ವಹಣೆಯ ಒಪ್ಪಂದ ಇದೆಯೇ ಎಂದು ಆಫೀಸಿನಲ್ಲಿ ಕೇಳಿ ನೋಡಿ.

ಕಾಲೇಜಿನ ಸೈಟ್‌ನಲ್ಲಿ ಲಾಗಿನ್ ಸಿಗದಿದ್ದರೆ ಗೂಗಲ್‌ನವರ ವೆಬ್‌ಪುಟ ಮಾಡುವ ಸಾಧನ ಗೂಗಲ್ ಸೈಟ್ಸ್. ಹಿಂದಿನ ಸಾಲಿನಲ್ಲಿ ಯಾರೋ ತಲೆ ಆಡಿಸಿದ್ದು ಕಂಡಿತು. ಹೌದು, ಬಹಳ ಸರಳ, ಸೌಲಭ್ಯವೂ ಕಡಿಮೆ. ಲಿಂಕ್ ಪರೀಕ್ಷೆ ಇಲ್ಲ. ಒಂದು ಕಡೆ ತಿದ್ದಿ ಎಲ್ಲ ಕಡೆ ಬದಲಾಯಿಸುವ ಸೌಕರ್ಯ ಹೆಸರಿಗೂ ಇಲ್ಲ. ಆದರೂ ಒಬ್ಬರೇ ನಡೆಸುವ ಲೈಬ್ರರಿಗೆ ನಾನು ಅದನ್ನು ಬೇಡ ಅನ್ನುವುದಿಲ್ಲ. ಅಪ್‌ಡೇಟ್ ಗೋಜಿಲ್ಲ, ಹ್ಯಾಕ್ ಆಗುವ ಭಯ ಕಡಿಮೆ, ಮೊಬೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಗೈಡ್ ನಾಲ್ಕೈದೇ ಇದ್ದರೆ ಕೈಯಲ್ಲೇ ತಿದ್ದಬಹುದು.

ಒಂದು ಷರತ್ತು ಮಾತ್ರ ಇದೆ. ಅದನ್ನು ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಮಾಡಬೇಡಿ. ನಾನು ಕಂಡ ಒಂದು ಕಾಲೇಜಿನಲ್ಲಿ ಹಿಂದಿನ ಲೈಬ್ರರಿಯನ್ ತುಂಬಾ ಶ್ರದ್ಧೆಯಿಂದ ಗೈಡ್ ಮಾಡಿದ್ದರು. ಕೆಳದಿ ಇತಿಹಾಸದ ಮೇಲೆ ಅಷ್ಟು ಒಳ್ಳೆಯ ಪುಟ ನಾನು ಬೇರೆ ಕಡೆ ನೋಡಿಲ್ಲ. ಅವರು ವರ್ಗವಾದರು, ಆಮೇಲೆ ನಿವೃತ್ತರಾದರು. ಪುಟ ತೆರೆಯುತ್ತಿತ್ತು, ತಿದ್ದಲು ಯಾರಿಗೂ ಬರುತ್ತಿರಲಿಲ್ಲ. ಲಾಗಿನ್ ಆದಾಗ ಬರುವ ಕೋಡ್ ಅವರ ಹಳೆಯ ಮೊಬೈಲ್ ನಂಬರಿಗೆ ಹೋಗುತ್ತಿತ್ತು. ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ಈಗ ಗೂಗಲ್‌ನವರ ನಿಯಮವೂ ಬದಲಾಗಿದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂದು 2023ರ ಡಿಸೆಂಬರಿನಿಂದ ಜಾರಿಗೆ ತಂದಿದ್ದಾರೆ. ಖಾತೆ ಹೋದರೆ ಗೈಡೂ ಹೋದಂತೆಯೇ. ಆದ್ದರಿಂದ ಕಾಲೇಜಿನ ಹೆಸರಿನ ಖಾತೆಯಲ್ಲಿ ಮಾಡಿ. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ವರ್ಕ್‌ಸ್ಪೇಸ್‌ನ ಉಚಿತ ಆವೃತ್ತಿ ಇದೆ, ಅದು ಇದ್ದರೆ ಇನ್ನೂ ಒಳ್ಳೆಯದು. ತಿದ್ದುವ ಅಧಿಕಾರ ಕನಿಷ್ಠ ಇಬ್ಬರಿಗಿರಲಿ. ಚಾರ್ಜ್ ಕೊಡುವಾಗ ಆಕ್ಸೆಷನ್ ರಿಜಿಸ್ಟರ್, ಸ್ಟಾಕ್ ಪಟ್ಟಿ, ಬೀಗದ ಕೈ ಕೊಡುತ್ತೇವಲ್ಲ, ಆ ಪಟ್ಟಿಯಲ್ಲೇ ಗೈಡಿನ ಲಾಗಿನ್ ಅಂತಲೂ ಒಂದು ಸಾಲು ಸೇರಿಸಿ.

ಲೈಬ್ರರಿ ನಿರ್ವಹಣೆಯ ಸಾಫ್ಟ್‌ವೇರ್ ಕೋಹಾ ಬಳಸುವವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ, ಮರೆತರೆ ಬೇಜಾರಾಗುತ್ತದೆ. ಗೈಡಿನಲ್ಲಿ ‘ನಮ್ಮ ಲೈಬ್ರರಿಯಲ್ಲಿರುವ ಪುಸ್ತಕಗಳು’ ಎಂದು ಕೈಯಲ್ಲಿ ಟೈಪ್ ಮಾಡಿದ ಪಟ್ಟಿ ಹಾಕುತ್ತೇವೆ. ಮುಂದಿನ ವರ್ಷ ಹೊಸ ಪುಸ್ತಕ ಬರುತ್ತದೆ, ಪಟ್ಟಿ ಹಳತಾಗುತ್ತದೆ. ಅದರ ಬದಲು ಓಪಾಕ್‌ನಲ್ಲಿ, ಅಂದರೆ ಲೈಬ್ರರಿಯ ಆನ್‌ಲೈನ್ ಪುಸ್ತಕ ಪಟ್ಟಿಯಲ್ಲಿ, ಆ ವಿಷಯದ ಹೆಸರಿನಲ್ಲಿ ಒಮ್ಮೆ ಹುಡುಕಿ, ಫಲಿತಾಂಶದ ಪುಟದ ವಿಳಾಸವನ್ನೇ ಗೈಡಿನಲ್ಲಿ ಹಾಕಿ. ಯಾರು ಯಾವಾಗ ಒತ್ತಿದರೂ ಆ ದಿನದವರೆಗಿನ ಪುಸ್ತಕಗಳೆಲ್ಲ ಬರುತ್ತವೆ, ಯಾವುದು ಹೊರಗೆ ಹೋಗಿದೆ ಅನ್ನೋದೂ ಕಾಣುತ್ತದೆ. ಆಯ್ದ ಪುಸ್ತಕಗಳಷ್ಟೇ ಸಾಕು ಎಂದರೆ ಕೋಹಾದಲ್ಲೇ ಪಬ್ಲಿಕ್ ಲಿಸ್ಟ್ ಮಾಡಿ ಅದರ ಲಿಂಕ್ ಕೊಡಿ. ಗೈಡಿನ ಅರ್ಧ ಕೆಲಸ ಇದರಿಂದಲೇ ಹಗುರವಾಗುತ್ತದೆ. ಇದಕ್ಕೆ ಓಪಾಕ್ ಹೊರಗಿನಿಂದಲೂ ತೆರೆಯಬೇಕು. ನಮ್ಮಲ್ಲಿ ಕೆಲವರ ಓಪಾಕ್ ಕ್ಯಾಂಪಸ್ಸಿನ ಒಳಗೆ ಮಾತ್ರ ಕೆಲಸ ಮಾಡುತ್ತದೆ. ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಗೈಡ್ ಆಮೇಲೆ.

ಈಗ ಕನ್ನಡ. ಬೇರೆ ದೇಶದವರು ಬರೆದ ಹೋಲಿಕೆ ಪಟ್ಟಿಗಳಲ್ಲಿ ಇದು ಇರುವುದೇ ಇಲ್ಲ, ನಮಗೆ ಇದೇ ಮುಖ್ಯ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ವೆಬ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಮೊದಲು ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಕನ್ವರ್ಟರ್‌ಗಳಿವೆ. ಇದನ್ನು ತಪ್ಪಿಸಲು ಕೆಲವರು ಪಟ್ಟಿಯನ್ನು ಫೋಟೊ ಮಾಡಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋಟೊ ಒಳಗಿನ ಅಕ್ಷರವನ್ನು ಸೈಟಿನ ಹುಡುಕಾಟ ಓದುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿ ಸ್ಕ್ರೀನ್ ರೀಡರ್ ಹಾಕಿ ಕೇಳಿದರೆ ‘ಇಮೇಜ್’ ಎಂದಷ್ಟೇ ಹೇಳುತ್ತದೆ. ಅವನಿಗೂ ಅದೇ ಅಸೈನ್‌ಮೆಂಟ್ ಇರುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಇದೆ. ಪುಟಕ್ಕೆ ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಅದು ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆಂದ. ಆದರೆ ಒಳಗೆ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಒಂಬತ್ತು ಕ್ಯಾರೆಕ್ಟರ್ ಹಿಡಿಯುತ್ತದೆ. ‘ಮಂಗನ ಕಾಯಿಲೆ’ ಅನ್ನುವಷ್ಟಕ್ಕೇ 91 ಆಯಿತು. ಮಿತಿ ಇರುವುದು 200. ಶೀರ್ಷಿಕೆ ಸ್ವಲ್ಪ ಉದ್ದವಾದರೆ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ, ಶೇಕಡಾ ಚಿಹ್ನೆಗಳ ಉದ್ದದ ಸಾಲು ಬರುತ್ತದೆ. ಒತ್ತಲು ಹುಡುಗರಿಗೆ ಹೆದರಿಕೆಯಾಗುತ್ತದೆ. ಆದ್ದರಿಂದ ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸದ ಪೆಟ್ಟಿಗೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದುಬಿಡಿ. ಪ್ರಕಟಿಸುವ ಮೊದಲೇ ಬರೆಯಿರಿ.

ಹುಡುಕಾಟದ ಪೆಟ್ಟಿಗೆಯನ್ನೂ ಕನ್ನಡದಲ್ಲಿ ಪರೀಕ್ಷೆ ಮಾಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳು ಅಕ್ಷರ ಹೊಂದಿದರೆ ಮಾತ್ರ ತೋರಿಸುತ್ತವೆ. ‘ಕೆಳದಿ’ ಎಂದು ಹಾಕಿದರೆ ‘ಕೆಳದಿಯ’ ಇರುವ ಪುಟವೂ ಸಿಗುತ್ತದೆ. ‘ಕಾಡು’ ಎಂದರೆ ‘ಕಾಡಿನ’ ಸಿಗುವುದಿಲ್ಲ, ಕೊಂಬು ಹೋಗಿ ಗುಡಿಸು ಬಂದಿರುತ್ತದಲ್ಲ. ನಮ್ಮ ಕಡೆ ‘ಅಡಿಕೆ’ ಎಂದು ಬರೆಯುವವರೂ ಇದ್ದಾರೆ, ‘ಅಡಕೆ’ ಎನ್ನುವವರೂ ಇದ್ದಾರೆ. ಕೊಳೆರೋಗವನ್ನು ಒಂದೇ ಪದವಾಗಿ ಬರೆಯುವವರು, ಬಿಡಿಸಿ ಬರೆಯುವವರು, ಇಂಗ್ಲಿಷಿನಲ್ಲಿ ಹುಡುಕುವವರು ಬೇರೆ. ಪುಟದ ಕೊನೆಯಲ್ಲಿ ‘ಈ ವಿಷಯದ ಬೇರೆ ಹೆಸರುಗಳು’ ಎಂದು ಒಂದು ಸಾಲು ಹಾಕಿ ಎಲ್ಲವನ್ನೂ ಬರೆದರೆ ಆಯಿತು. ಲೈಬ್ರರಿ ಸೈನ್ಸ್ ಓದಿದವರು ನಾವು, ‘ಇದನ್ನು ನೋಡಿ’ ಎಂಬ ಅಡ್ಡ ಉಲ್ಲೇಖ ನಮಗೆ ಹೊಸದಲ್ಲ.

ಮಳೆಗಾಲದ ಮಾತೂ ಸ್ವಲ್ಪ. ಹೊಸನಗರ, ಆಗುಂಬೆ ಕಡೆಯಿಂದ ಬರುವ ಮಕ್ಕಳಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರೆಂಟ್ ಇದ್ದರೆ ಟವರ್ ಇರುವುದಿಲ್ಲ, ಟವರ್ ಇದ್ದರೆ ಕರೆಂಟ್ ಇರುವುದಿಲ್ಲ. ಒಂದೇ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಗೈಡ್ ತೆರೆಯಬೇಕು. ದೊಡ್ಡ ಬ್ಯಾನರ್ ಚಿತ್ರ, ಓಡುವ ಸ್ಲೈಡ್ ಯಾವುದೂ ಬೇಡ. ಬರಹ ಮತ್ತು ಲಿಂಕ್ ಇದ್ದರೆ ಸಾಕು. ಪಿಡಿಎಫ್ ಲಿಂಕ್ ಪಕ್ಕದಲ್ಲಿ ಅದು ಎಷ್ಟು ಎಂಬಿ ಎಂದು ಬರೆಯಿರಿ. ಲಾಗಿನ್ ಬೇಕಾದ ಲಿಂಕ್ ಯಾವುದು, ಬೇಡದ್ದು ಯಾವುದು ಅನ್ನೋದನ್ನೂ ಅಲ್ಲೇ ಹೇಳಿ. ಮನೆಯಲ್ಲಿ ಡೇಟಾ ಖರ್ಚು ಮಾಡಿ ಕೊನೆಗೆ ಪಾಸ್‌ವರ್ಡ್ ಕೇಳಿದರೆ ಆ ಮಗು ಮತ್ತೆ ನಮ್ಮ ಗೈಡಿನ ಹತ್ತಿರ ಬರುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ನ್ಯಾಕ್ ತಂಡ ಬರುವ ಮುಂಚೆ ಗೈಡ್ ಮಾಡಿಸಿ ತೋರಿಸಬಹುದೇ ಎಂದು. ತೋರಿಸಿ, ತಪ್ಪೇನಿಲ್ಲ. ಆದರೆ ಆ ವಾರಕ್ಕೆಂದು ಇಪ್ಪತ್ತು ಗೈಡ್ ಮಾಡಿ ಬಿಟ್ಟರೆ ಮರುವರ್ಷ ಇಪ್ಪತ್ತೂ ಸತ್ತಿರುತ್ತವೆ. ಸುಮ್ನೆ ಸಂಖ್ಯೆ ತೋರಿಸುವುದಕ್ಕಿಂತ ಮೂರು ಜೀವಂತ ಗೈಡ್ ಮೇಲು. ಪುಟದ ಕೆಳಗೆ ‘ಕೊನೆಯ ಬಾರಿ ನೋಡಿದ ದಿನಾಂಕ’ ಎಂದು ಹಾಕಿ, ಸೆಮಿಸ್ಟರ್ ಶುರುವಾಗುವ ವಾರ ಪ್ರತಿಯೊಂದು ಲಿಂಕನ್ನೂ ಒತ್ತಿ ನೋಡಿ.

ಹಾಗಾದರೆ ಈಗಲೇ ಒಂದನ್ನು ಆರಿಸಿಬಿಡಬೇಕೇ? ಬೇಡ. ಒಂದೇ ವಿಷಯದ ಗೈಡನ್ನು ಎರಡು ಕಡೆ ಮಾಡಿ ನೋಡಿ, ವರ್ಡ್‌ಪ್ರೆಸ್‌ನಲ್ಲಿ ಒಂದು, ಗೂಗಲ್ ಸೈಟ್ಸ್‌ನಲ್ಲಿ ಒಂದು. ಎರಡನ್ನೂ ವಿದ್ಯಾರ್ಥಿಗಳ ಕೈಗೆ ಅವರ ಮೊಬೈಲಿನಲ್ಲೇ ಕೊಡಿ. ‘ಮಂಗನ ಕಾಯಿಲೆ ಮೇಲೆ 1970ಕ್ಕಿಂತ ಹಿಂದಿನ ಒಂದು ಲೇಖನ ಹುಡುಕು’ ಎಂದು ಹೇಳಿ, ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಎಲ್ಲಿ ಬೆರಳು ನಿಲ್ಲುತ್ತದೆ, ಯಾವ ಟ್ಯಾಬ್ ಅವರ ಕಣ್ಣಿಗೇ ಬೀಳುವುದಿಲ್ಲ ಅನ್ನೋದು ಗೊತ್ತಾಗುತ್ತದೆ. ಆಮೇಲೆ ನಿಮ್ಮ ಅಟೆಂಡರಿಗೆ ಒಂದು ಲಿಂಕ್ ತಿದ್ದಲು ಹೇಳಿ. ಅವರಿಗೆ ತಿದ್ದಲು ಬಂದರೆ ಆ ಸಾಫ್ಟ್‌ವೇರ್ ನಿಮ್ಮ ಕಾಲೇಜಿಗೆ ಆಗುತ್ತದೆ. ಎಂಜಿನಿಯರ್ ಬರಬೇಕು ಅನ್ನುವಂತಿದ್ದರೆ ಆಗುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಪ್ರತಿ ಕಾಲೇಜೂ ಎಲ್ಲ ವಿಷಯದ ಗೈಡನ್ನೂ ತಾನೇ ಮಾಡಬೇಕಾಗಿಲ್ಲ. ಸೊರಬದವರು ಮಂಗನ ಕಾಯಿಲೆ ಮಾಡಲಿ. ಸಾಗರದವರಿಗೆ ಕೆಳದಿ ಹತ್ತಿರ, ಅಲ್ಲಿ ವಸ್ತುಸಂಗ್ರಹಾಲಯ ಇದೆ, ತಾಳೆಗರಿಗಳಿವೆ, ಇತಿಹಾಸ ಅವರು ಮಾಡಲಿ. ತೀರ್ಥಹಳ್ಳಿಯವರು ಅಡಿಕೆ ತೆಗೆದುಕೊಳ್ಳಲಿ. ಶಿಕಾರಿಪುರದವರು ತಾಳಗುಂದ, ಬಳ್ಳಿಗಾವಿಯ ಶಾಸನಗಳನ್ನು ಹಿಡಿಯಲಿ. ನಮ್ಮ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 7 ಮತ್ತು 8ನೇ ಸಂಪುಟಗಳು ಕಾಪಿರೈಟ್ ದಾಟಿದವು, ಧೈರ್ಯವಾಗಿ ಲಿಂಕ್ ಕೊಡಬಹುದು. ಹೊಸ ಪುಸ್ತಕಗಳ ಪಿಡಿಎಫ್ ಮಾತ್ರ ಯಾರೂ ಏರಿಸಬೇಡಿ. ಪ್ರತಿ ಗೈಡಿನ ಕೆಳಗೆ ‘ಬೇರೆ ಲೈಬ್ರರಿಯವರು ಬಳಸಬಹುದು, ತಿದ್ದಬಹುದು, ನಮ್ಮ ಹೆಸರು ಹೇಳಿದರೆ ಸಾಕು’ ಎಂದು ಕ್ರಿಯೇಟಿವ್ ಕಾಮನ್ಸ್ ಸಾಲು ಹಾಕಿ. ಹೀಗೆ ಹಂಚಿಕೊಳ್ಳಬೇಕಾದರೆ ಎಲ್ಲರೂ ಒಂದೇ ಸಾಫ್ಟ್‌ವೇರ್‌ನಲ್ಲಿರುವುದು ಅನುಕೂಲ. ಒಬ್ಬರ ಪುಟವನ್ನು ಇನ್ನೊಬ್ಬರು ಹಾಗೇ ಎತ್ತಿಕೊಳ್ಳಬಹುದು, ಒಬ್ಬರಿಗೆ ತಿಳಿಯದ್ದನ್ನು ಪಕ್ಕದ ತಾಲ್ಲೂಕಿನವರಿಗೆ ಫೋನ್ ಮಾಡಿ ಕೇಳಬಹುದು. ಅದಕ್ಕಾಗಿಯೇ ನನ್ನ ಓಟು ವರ್ಡ್‌ಪ್ರೆಸ್‌ಗೆ. ಹೊರಗೆ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮೊದಲು ನೀವು ಯಾವ ವಿಷಯ ತೆಗೆದುಕೊಳ್ಳುತ್ತೀರಿ, ಜೊತೆಗೆ ತಿದ್ದುವ ಎರಡನೆಯವರು ಯಾರು ಎಂದು ಅದರಲ್ಲಿ ಬರೆಯಿರಿ.